ವಿಮಾನದ ಮೈಯೂ ಕಿಲುಬಿನ ಕಾಟವೂ

ಅಲ್ಯೂಮಿನಿಯಂ ತುಕ್ಕು ಹಿಡಿಯದ ಲೋಹ ಎಂಬ ನಂಬಿಕೆ ನಮ್ಮಲ್ಲಿ ರೂಢವಾಗಿದೆ. ಅದು ಅರ್ಧ ಸತ್ಯ. ಹುಣಿಸೆಹುಳಿ ಹಿಂಡಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯೆಲ್ಲ ಇಡಬಾರದೆಂಬುದನ್ನು ಜಯನಗರ, ಬನಶಂಕರಿಯ ಹಿರಿಯ ಗೃಹಿಣಿಯರು ಯಾವ ರಸಾಯನಶಾಸ್ತ್ರದ ಗ್ರಂಥವನ್ನೂ ಓದದೆ ಬಲ್ಲರು. ಗಾಳಿ ಸೋಕಿದೊಡನೆ ಈ ಲೋಹದ ಮೇಲೆ ಆಕ್ಸೈಡಿನ ತೆಳುಪೊರೆಯೊಂದು ಕವಿಯುತ್ತದೆ. ಅದೇ ಅದರ ಕವಚ. ಹುಳಿಯೋ ಉಪ್ಪೋ ಆ ಕವಚವನ್ನು ಭೇದಿಸಿದರೆ ತಳದಲ್ಲಿ ಸೂಜಿಮೊನೆಯಷ್ಟು ಕುಳಿಗಳು ಬೀಳುತ್ತವೆ. ಪಾತ್ರೆ ತೂತಾದರೆ ಸಾರು ಸೋರೀತು. ರೆಕ್ಕೆಯ ತೊಲೆಯಲ್ಲಿ ಬಿದ್ದ ಕುಳಿಯ ಮಾತು ಬೇರೆ.

ವಿಮಾನಕ್ಕೆ ಬೇಕಾದ ಗಟ್ಟಿತನ ಶುದ್ಧ ಅಲ್ಯೂಮಿನಿಯಮ್ಮಿಗಿಲ್ಲ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಅದಕ್ಕೆ ನೂರಕ್ಕೆ ನಾಲ್ಕರಷ್ಟು ತಾಮ್ರವನ್ನೂ ಚಿಟಿಕೆ ಮೆಗ್ನೀಸಿಯಮ್ಮನ್ನೂ ಬೆರೆಸಿ, ಕಾಯಿಸಿ, ತಣಿಸಿ, ಕೆಲವು ದಿನ ಬಿಟ್ಟು ನೋಡಿದಾಗ ಅದು ತಾನೇ ತಾನಾಗಿ ಗಡುಸಾಗಿತ್ತು. ಡ್ಯುರಾಲುಮಿನ್ ಹುಟ್ಟಿದ್ದು ಹೀಗೆ. ಆದರೆ ಬಲ ಕೊಟ್ಟ ತಾಮ್ರವೇ ಮನೆಯೊಳಗಿನ ಶತ್ರುವೂ ಆಯಿತು. ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು ನಡುವೆ ತೇವ ಸೇರಿದರೆ ಅದೊಂದು ಪುಟ್ಟ ವಿದ್ಯುತ್ಕೋಶ. ಅದರಲ್ಲಿ ಸವೆಯುವ ಪಾಳಿ ಅಲ್ಯೂಮಿನಿಯಮ್ಮಿನದು.

1920ರ ದಶಕದಲ್ಲಿ ಇದಕ್ಕೆ ಮದ್ದು ದೊರೆಯಿತು. ಇಂಗ್ಲೆಂಡಿನವರು ಕ್ರೋಮಿಕ್ ಆಮ್ಲದಲ್ಲಿ ವಿದ್ಯುತ್ತು ಹಾಯಿಸಿ ಆಕ್ಸೈಡಿನ ಪೊರೆಯನ್ನೇ ದಪ್ಪಗೊಳಿಸಿದರು. ಅಮೆರಿಕದವರು ಮಿಶ್ರಲೋಹದ ಹಾಳೆಯ ಎರಡು ಮಗ್ಗುಲಿಗೂ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಹೊದಿಕೆ ಬೆಸೆದು ಆಲ್‌ಕ್ಲಾಡ್ ಎಂದು ಹೆಸರಿಟ್ಟರು. ಗೀರು ಬಿದ್ದರೂ ಹೊದಿಕೆ ತಾನು ಸವೆದು ಒಳಗಿನದನ್ನು ಕಾಯುತ್ತದೆ. ಅಮೇಲೆ ಬಂದದ್ದು ಹಳದಿ-ಹಸುರಿನ ಜಿಂಕ್ ಕ್ರೋಮೇಟ್ ಬಣ್ಣ. ಲೋಹವನ್ನು ಕಾಯುವ ಆ ಬಣ್ಣ ಅದನ್ನು ಬಳಿಯುವವನ ಶ್ವಾಸಕೋಶಕ್ಕೆ ಕೇಡು ಎಂಬುದು ತಿಳಿಯಲು ಮಾತ್ರ ಬಹುಕಾಲ ಹಿಡಿಯಿತು.

ಈ ಕಥೆ ನಮ್ಮ ಊರಿಗೂ ಬಂದಿತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಯುದ್ಧ ಬಿಸಿಯೇರಿದಂತೆ ಅದು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಆಗ ಬೆಳ್ಳಂದೂರು ಕೆರೆಯ ಮೇಲೆ ಕ್ಯಾಟಲಿನಾ ಎಂಬ ದೋಣಿ-ವಿಮಾನಗಳು ಬಂದಿಳಿಯುತ್ತಿದ್ದವು. ಸಮುದ್ರದ ಮೇಲೆ ಕಾವಲು ತಿರುಗಿ, ಉಪ್ಪುನೀರಿನಲ್ಲಿ ತೇಲುವುದೇ ಅವುಗಳ ಬಾಳು. ಅಂಥವು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದ ಸಿಹಿನೀರಿನ ಕೆರೆಗೆ ಬಂದು ಮೈ ತೊಳೆದುಕೊಂಡವೆಂದರೆ ಅದೊಂದು ಸೋಜಿಗ. (ಅದೇ ಕೆರೆ ನಮ್ಮ ಕಾಲದಲ್ಲಿ ನೊರೆಯೆದ್ದು ಹೊತ್ತಿ ಉರಿದದ್ದನ್ನೂ ಕಂಡೆವು. ಅಲ್ಲಿ ಈಗ ಯಾವ ಲೋಹವನ್ನು ತೊಳೆಯೋಣ?)

ಉಪ್ಪಿನ ಕೇಡು ಬಯಲಿನಲ್ಲಿಲ್ಲ, ಸಂದಿಯಲ್ಲಿದೆ. ಹಾಳೆಯ ಮೇಲೆ ಹಾಳೆ ಇಟ್ಟು ರಿವೆಟ್ ಬಡಿದ ಮೇಲೆ ನಡುವಿನ ಮೈ ಯಾರ ಕಣ್ಣಿಗೂ ಬೀಳದು, ಕೈಗೂ ಎಟುಕದು; ಅಲ್ಲಿಗೆ ಹೊಕ್ಕ ತೇವ ಹೊರಬರದು. ಆದ್ದರಿಂದ ಬಣ್ಣ ಬಳಿಯಬೇಕಾದದ್ದು ಜೋಡಣೆಗೆ ಮೊದಲು. ದೊಡ್ಡ ಕಾರ್ಖಾನೆಗೂ, ಮನೆಯ ಹಿಂದಣ ಷೆಡ್ಡಿನಲ್ಲಿ ಭಾಗ ಭಾಗವಾಗಿ ವಿಮಾನ ಕಟ್ಟುವ ಹವ್ಯಾಸಿಗೂ ಇದು ಒಂದೇ ನಿಯಮ. ಪ್ರತಿ ತುಂಡನ್ನೂ ಜಿಡ್ಡು ಹೋಗುವಂತೆ ತೊಳೆಯಬೇಕು, ಬೆರಳು ಸೋಕಿಸದೆ ಒಣಗಿಸಬೇಕು, ಕೂಡುವ ಎರಡು ಮೈಗೂ ಬಣ್ಣ ಹಚ್ಚಬೇಕು. ಉಕ್ಕಿನ ಬೋಲ್ಟಿಗೆ ಕ್ಯಾಡ್ಮಿಯಮ್ಮಿನ ಲೇಪವಿರಬೇಕು. ತಗ್ಗಿನಲ್ಲಿ ನೀರು ಬಸಿಯಲು ತೂತಿರಬೇಕು. ಹವ್ಯಾಸಿಗೆ ಇದು ಬೇಸರದ ಕೆಲಸವೇ ಸರಿ. ವಾರಗಟ್ಟಲೆ ದುಡಿದರೂ ವಿಮಾನ ಒಂದಂಗುಲವೂ ಬೆಳೆದಂತೆ ಕಾಣದು.

ಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳ ರಾಶಿಯೇ ಉಳಿದಿತ್ತು. ಮತ್ತೆ ಯಾರೂ ಹಾರಿಸದಿರಲೆಂದು, ಬಿಟ್ಟುಹೋದವರೇ ಅವನ್ನು ಜಖಂಗೊಳಿಸಿದ್ದರು. ಬಿಸಿಲು ಮಳೆಗಳಲ್ಲಿ ನಿಂತಿದ್ದ ಆ ಒಡಲುಗಳಲ್ಲಿ ನಲವತ್ತರಷ್ಟನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ತಂದರು. ಇಲ್ಲಿಯ ಕೆಲಸಗಾರರು ಅವನ್ನು ಪೂರಾ ದುರಸ್ತಿಗೊಳಿಸಿದರು. ಜಯನಗರಕ್ಕೆ ಅಸ್ತಿಭಾರ ಬಿದ್ದ 1948ರಲ್ಲಿಯೇ ಇವುಗಳಿಂದ ನಮ್ಮ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ರೂಪುಗೊಂಡಿತು. ಗುಜರಿಗೆ ಎಸೆದಿದ್ದ ವಿಮಾನಗಳು 1968ರವರೆಗೆ ಹಾರಿದವು.

ವಿ. ಎಂ. ಘಾಟಗೆಯವರ ಎಚ್‌ಟಿ-2 ವಿಮಾನ 1951ರಲ್ಲಿ ಮೇಲೇರಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನೆನೆಯಬೇಕಾದದ್ದೇ. ಲಿಬರೇಟರುಗಳ ದುರಸ್ತಿಯನ್ನು ಅಷ್ಟಾಗಿ ನೆನೆಯುವುದಿಲ್ಲ. ದುರಸ್ತಿಗಾರನಿಗೆ ಚರಿತ್ರೆಯಲ್ಲಿ ಎಂದೂ ಹಿಂದಿನ ಸಾಲು. ಆದರೂ ಆ ವಿಮಾನಗಳಲ್ಲೊಂದು 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯವನ್ನು ಸೇರಿತು. ಇನ್ನೊಂದು ಅರಿಜೋನಾದ ಮರುಭೂಮಿಯ ಸಂಗ್ರಹಾಲಯದಲ್ಲಿದೆ. ಮತ್ತೊಂದನ್ನು ಅಮೆರಿಕದವರು ಕೊಂಡು, ಬಿಚ್ಚಿ, ವರ್ಷಗಟ್ಟಲೆ ದುಡಿದು 1989ರಲ್ಲಿ ತಿರುಗಿ ಹಾರಿಸಿದರು.