ಅಂಚೆಯಲ್ಲಿ ಬಂದ ಪಾಠಗಳು

ಬಾನುಲಿಯಲ್ಲಿ ಕಿವುಡು ಮಕ್ಕಳ ವಿಷಯ ಮಾತನಾಡುವುದರಲ್ಲಿ ಒಂದು ವಿಪರ್ಯಾಸವಿದೆ. ಯಾರನ್ನು ಕುರಿತು ಮಾತನಾಡುತ್ತಿದ್ದೇನೆಯೋ ಅವರಿಗೆ ಈ ಮಾತು ಕೇಳಿಸುವಂತಿಲ್ಲ. ಆದರೆ ನಾನಿಂದು ಹೇಳಹೊರಟಿರುವುದು ಆ ಮಕ್ಕಳ ಕಥೆಗಿಂತ ಹೆಚ್ಚಾಗಿ ಅವರ ಮನೆಗಳ ಕಥೆ. ಅಂಥ ಮಕ್ಕಳನ್ನು ಹೆತ್ತವರಿಗೆ ಯಾವ ಕಾಲದಲ್ಲಿ, ಎಲ್ಲಿಂದ, ಎಂಥ ನೆರವು ಒದಗಿತು, ಎಂಥದು ಒದಗಲಿಲ್ಲ ಎಂಬ ಕಥೆ. ಕಿವುಡಾಗಿ ಹುಟ್ಟುವ ಮಕ್ಕಳಲ್ಲಿ ಬಹುಪಾಲಿನ ತಂದೆತಾಯಿಗಳು ಕಿವಿ ಕೇಳುವವರೇ. ಮನೆಯಲ್ಲಿ ಎಲ್ಲರೂ ಆಡುವ ನುಡಿ ಒಂದು, ಮಗುವಿಗೆ ಎಟುಕುವ ನುಡಿ ಇನ್ನೊಂದು. ಕಷ್ಟವೆಲ್ಲ ಹುಟ್ಟುವುದು ಅಲ್ಲಿ.

ನಮ್ಮ ಭಾಷೆಯೂ ಈ ಮಕ್ಕಳ ವಿಷಯದಲ್ಲಿ ಬಹುಕಾಲ ಒಂದು ತಪ್ಪು ಮಾಡುತ್ತ ಬಂದಿದೆ. ಕೇಳಿಸದ ಕಾರಣಕ್ಕೆ ಮಾತು ಬಾರದ ಮಗುವನ್ನು ‘ಮೂಗ’ ಎಂದು ಕರೆದುಬಿಡುತ್ತೇವೆ. ನಾಲಿಗೆಯನ್ನು ದೂರುತ್ತೇವೆ, ಕಿವಿಯ ಕಡೆ ನೋಡುವುದಿಲ್ಲ. ಹೇಳಲಾಗದ ಅನುಭವಕ್ಕೆ ಮೂಗ ಕಂಡ ಕನಸಿನ ಹೋಲಿಕೆಯನ್ನು ನಮ್ಮ ಅನುಭಾವಿಗಳು ಕೊಟ್ಟರು. ಹೋಲಿಕೆ ಸುಂದರವಾಗಿದೆ. ಆದರೆ ಆ ಮೂಗ ತನ್ನ ಕನಸನ್ನು ಬೆರಳುಗಳಲ್ಲಿ ತಾಯಿಗೆ ಹೇಳಿರಬಹುದೇ ಎಂದು ಕೇಳುವ ಗೋಜಿಗೆ ನಾವು ಯಾರೂ ಹೋಗಲಿಲ್ಲ. ಸರ್ಕಾರದ ಲೆಕ್ಕದಲ್ಲಿಯೂ ಇದೇ ಗೊಂದಲವಿತ್ತು. ಬ್ರಿಟಿಷರ ಕಾಲದ ಜನಗಣತಿಗಳು 1931ರವರೆಗೆ ಕಿವುಡು-ಮೂಗರನ್ನು ಎಣಿಸಿದವು. ಆಮೇಲೆ ಐವತ್ತು ವರ್ಷ ಆ ಪ್ರಶ್ನೆಯೇ ಇರಲಿಲ್ಲ. 1981ರಲ್ಲಿ ಮತ್ತೆ ಎಣಿಕೆ ನಡೆದಾಗ ಪೂರ್ಣ ಕುರುಡರು, ಪೂರ್ಣ ಹೆಳವರು, ಪೂರ್ಣ ಮೂಗರು ಲೆಕ್ಕಕ್ಕೆ ಬಂದರು, ಕಿವುಡರು ಬರಲಿಲ್ಲ! 2011ರ ಗಣತಿಯಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ದೇಶದಲ್ಲಿ 50 ಲಕ್ಷವನ್ನು ಮೀರಿತ್ತು.

ನನ್ನ ಅಕ್ಕನ ಮಗ ಹುಟ್ಟಿದ್ದು 1966ರಲ್ಲಿ, ಯಾರೂ ಎಣಿಸದಿದ್ದ ಆ ಐವತ್ತು ವರ್ಷಗಳ ನಡುವೆ. ನಮ್ಮದು ಕುಣಿಗಲ್ಲಿನ ಮನೆ. ಅಕ್ಕನನ್ನು ಗುಬ್ಬಿಯಲ್ಲಿದ್ದ ಸೋದರಮಾವನಿಗೇ ಕೊಟ್ಟಿದ್ದರು. ನಾನಾಗ ತುಮಕೂರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆ. ಮಗುವಿಗೆ ಎರಡು ತುಂಬಿದ ಮೇಲೆ ಚನ್ನಬಸವೇಶ್ವರನ ಜಾತ್ರೆಗೆಂದು ನಾವೆಲ್ಲ ಗುಬ್ಬಿಯಲ್ಲಿ ಸೇರಿದ್ದೆವು. ರಾತ್ರಿ ಮನೆಯ ಮುಂದೆಯೇ ಗರ್ನಾಲು ಸಿಡಿಯಿತು. ತೊಟ್ಟಿಲಲ್ಲಿದ್ದ ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚಿಕೊಂಡಿತು. ನಮ್ಮ ಹುಡುಗ ಚಾಪೆಯ ಮೇಲೆ ಮಗ್ಗುಲು ಕೂಡ ಬದಲಿಸಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ಅದು ಮೊದಲೇ ಗೊತ್ತಿತ್ತೆಂದು ನನಗೆ ಆ ಕ್ಷಣ ಅನ್ನಿಸಿತು.

ಅಲ್ಲಿಯವರೆಗೆ ಎಲ್ಲರೂ “ಅವರಪ್ಪನಿಗೂ ಮಾತು ತಡವಾಗೇ ಬಂದದ್ದು” ಎಂದು ಸಮಾಧಾನ ಹೇಳುತ್ತಿದ್ದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಗಿತ್ತು. ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತದ್ದಾಗಿತ್ತು. ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳೆಂದು ಒಬ್ಬರು, ಹಿಂದಿನ ಜನ್ಮದ ಫಲವೆಂದು ಇನ್ನೊಬ್ಬರು. ಯಾವ ದಾರಿಯಲ್ಲಿ ಹೋದರೂ ಮಾತು ಬಂದು ನಿಲ್ಲುತ್ತಿದ್ದುದು ಅಕ್ಕನ ತಲೆಯ ಮೇಲೆ. ಹುಟ್ಟುಗಿವುಡಿನ ಎಷ್ಟೋ ಪ್ರಸಂಗಗಳಲ್ಲಿ ಒಂದೇ ದೋಷವುಳ್ಳ ಜೀನು ತಾಯಿಯಿಂದಲೂ ತಂದೆಯಿಂದಲೂ ಬಂದು ಕೂಡಬೇಕು, ಸೋದರಿಕೆಯ ಮದುವೆಗಳಲ್ಲಿ ಅದು ಕೂಡುವ ಸಂಭವ ಹೆಚ್ಚು ಎಂಬುದು ಈಗ ತಿಳಿದ ಸಂಗತಿ. ಅಂಥ ಜೀನುಗಳಲ್ಲಿ ಮುಖ್ಯವಾದ ಒಂದನ್ನು ಗುರುತಿಸಿದ್ದು 1997ರಲ್ಲಿ. ತಪ್ಪು ಎನ್ನುವುದಾದರೆ ಅದು ಮದುವೆ ಗೊತ್ತುಮಾಡಿದ ಹಿರಿಯರೆಲ್ಲರದು. ಆ ಹಿರಿಯರೇ ಅವಳನ್ನು ಅಂದರು.

ಹೋಗುವುದಾದರೂ ಎಲ್ಲಿಗೆ? ಹಳೆಯ ಮೈಸೂರು ಸೀಮೆಯವರಾದ ನಮಗೆ ಗೊತ್ತಿದ್ದುದು ಮೈಸೂರಿನ ಶಾಲೆ. ಮುಂಬಯಿಯಲ್ಲಿ 1885ರಲ್ಲಿ, ಕಲ್ಕತ್ತೆಯಲ್ಲಿ 1893ರಲ್ಲಿ ಕಿವುಡರ ಶಾಲೆಗಳು ಹುಟ್ಟಿದ್ದವು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಕುರುಡರಿಗೂ ಕಿವುಡರಿಗೂ ಸೇರಿಸಿ ಒಂದು ಶಾಲೆ ತೆರೆದರು. ಕನ್ನಡಕ್ಕೆ ಬ್ರೈಲ್ ಲಿಪಿಯನ್ನು ಒಗ್ಗಿಸಿದವರೂ ಅವರೇ. ಮುಂದೆ ಸರ್ಕಾರದ್ದಾದ ಆ ಶಾಲೆ ತಿಲಕನಗರದಲ್ಲಿದೆ. ಯಾರೂ ಕೇಳದಿದ್ದ ಕಾಲದಲ್ಲಿ ಇಷ್ಟು ಮಾಡಿದ ಆ ಪುಣ್ಯಾತ್ಮರ ಹೆಸರು ಸಾಹಿತ್ಯ ಚರಿತ್ರೆಗಳಲ್ಲಿ ಒಂದು ಅಡಿಟಿಪ್ಪಣಿಯಾಗಿಯೂ ಬಾರದಿರುವುದು ನನಗೆ ಸೋಜಿಗ. ಲಿಪಿ ಕೊಟ್ಟವನು ಭಾಷೆಯ ಸೇವಕನಲ್ಲವೆ? ಆದರೆ ಆಗಿನ ಶಾಲೆಗಳೆಲ್ಲ ಮಗು ಬೆಳೆದು ಮನೆ ಬಿಟ್ಟು ಇರಬಲ್ಲಷ್ಟಾದ ಮೇಲೆ ಕೈಹಿಡಿಯುವಂಥವು. ಹುಟ್ಟಿದಂದಿನಿಂದ ಆರೇಳು ವರ್ಷದವರೆಗೆ ಮಗುವನ್ನೂ ತಾಯಿಯನ್ನೂ ಕೇಳುವವರಿರಲಿಲ್ಲ. ನುಡಿ ಬೇರೂರುವುದು ಆ ವರ್ಷಗಳಲ್ಲಿಯೇ.

ಅದೃಷ್ಟಕ್ಕೆ ಆ ವೇಳೆಗೆ ಮೈಸೂರಿನಲ್ಲಿಯೇ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಗಿತ್ತು. ಅದರ ನಿರ್ದೇಶಕರಾಗಿದ್ದ ನ. ರತ್ನ ಅವರು ಕನ್ನಡ ಓದುಗರಿಗೆ ‘ಎಲ್ಲಿಗೆ’ ನಾಟಕ ಬರೆದವರೆಂದೇ ಹೆಚ್ಚು ಪರಿಚಿತರು. ಮಾತು ಅರ್ಥ ಕಳೆದುಕೊಳ್ಳುವುದನ್ನು ರಂಗದ ಮೇಲೆ ತೋರಿಸುವ ಅಸಂಗತ ನಾಟಕಕಾರ ಹಗಲೆಲ್ಲ ಮಾತು ಬಾರದವರಿಗೆ ಮಾತು ಕೊಡಿಸುವ ಕೆಲಸದಲ್ಲಿದ್ದರೆಂಬುದು ಯಾವ ನಾಟಕಕ್ಕೂ ಕಡಿಮೆಯಲ್ಲ.

1969ರಲ್ಲಿ ಅಕ್ಕ, ಮಾವ, ನಾನು ಮಗುವನ್ನು ಕರೆದುಕೊಂಡು ಹೊರಟೆವು. ಗುಬ್ಬಿಯಿಂದ ಅರಸೀಕೆರೆ, ಅಲ್ಲಿ ರೈಲು ಬದಲಿಸಿ ಹಾಸನದ ಮೇಲೆ ಮೈಸೂರು. ಎರಡೂ ಕಿವಿಗಳಲ್ಲಿ ತೊಂಬತ್ತು ಡೆಸಿಬೆಲ್‌ಗೂ ಮೀರಿದ ನಷ್ಟವೆಂದು ಗೊತ್ತಾಯಿತು. ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ ಕಟ್ಟುವ ಪೆಟ್ಟಿಗೆಯಂಥ ಕಿವಿಯ ಮೆಷಿನ್ನು ಬಂದಿತು. ಹಿಂದಿರುಗುವಾಗ ರೈಲಿನಲ್ಲಿ ಅಕ್ಕ ಅತ್ತಳು, ದುಃಖಕ್ಕಲ್ಲ. “ನಾನೇನೂ ಮಾಡಿದ್ದಲ್ಲವಂತಲ್ಲೋ” ಎಂದು ನಾಲ್ಕು ಸಲ ಹೇಳಿದಳು. ಬೆಲೆ ಬಾಳುವ ನೆರವು ಎಷ್ಟೋ ವೇಳೆ ಇಷ್ಟು ಚಿಕ್ಕದಾಗಿರುತ್ತದೆ.

ಮೆಷಿನ್ನು ಬಂದರೂ ಮನೆಯಲ್ಲಿ ದಿನ ಬೆಳಗಾದರೆ ಮಗುವಿಗೆ ಏನು ಹೇಳಿಕೊಡಬೇಕು, ಹೇಗೆ? ಮೈಸೂರು ದೂರ, ತಿಂಗಳು ತಿಂಗಳೂ ಹೋಗಿಬರಲು ಆಗುತ್ತಿರಲಿಲ್ಲ. ಆಗ ಒಂದು ಹಳೆಯ ಪತ್ರಿಕೆಯಲ್ಲಿ ಅಮೆರಿಕದ ಲೂಯಿಸ್ ಟ್ರೇಸಿ ಎಂಬ ಹೆಣ್ಣುಮಗಳ ವಿಷಯ ಓದಿದೆ. ಆಕೆ ಚಿತ್ರನಟ ಸ್ಪೆನ್ಸರ್ ಟ್ರೇಸಿಯ ಹೆಂಡತಿ. 1924ರಲ್ಲಿ ಹುಟ್ಟಿದ ಮಗ ಜಾನ್ ಮಲಗಿದ್ದಾಗ ಬಾಗಿಲು ಧಡಾರನೆ ಬಡಿದರೂ ಏಳಲಿಲ್ಲವಂತೆ. ಗುಬ್ಬಿಯ ಗರ್ನಾಲು ನನ್ನ ಕಣ್ಣ ಮುಂದೆ ಬಂತು. ಆಕೆ 1942ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮಗನ ಹೆಸರಿನ ಕೇಂದ್ರವೊಂದನ್ನು ತೆರೆದಳು. ಅದು ಮಕ್ಕಳಿಗಾಗಿ ಎನ್ನುವುದಕ್ಕಿಂತ ತಂದೆತಾಯಿಗಳಿಗಾಗಿ. ಮರುವರ್ಷದಿಂದ ದೂರದೂರದ ತಾಯಂದಿರಿಗೆ ಅಂಚೆಯಲ್ಲಿ ಉಚಿತವಾಗಿ ಪಾಠ ಕಳಿಸುವ ಏರ್ಪಾಡು ಮಾಡಿದಳು. ಮಗುವಿನ ಮೊದಲ ಗುರು ತಾಯಿ, ಆದ್ದರಿಂದ ಪಾಠ ತಾಯಿಗೆ ಆಗಬೇಕು ಎಂಬುದು ಆಕೆಯ ನಂಬಿಕೆ. ಬ್ರಿಟನ್ನಿನಲ್ಲಿಯೂ ಅದೇ ಕಾಲಕ್ಕೆ, 1944ರಲ್ಲಿ, ಕಿವುಡು ಮಕ್ಕಳ ತಂದೆತಾಯಿಗಳು ತಮ್ಮದೇ ಸಂಘ ಕಟ್ಟಿಕೊಂಡರು.

ನಾನು ಒಂದು ಕಾಗದ ಬರೆದು ಹಾಕಿದೆ. ತಿಂಗಳುಗಳ ಮೇಲೆ ಕಂದು ಬಣ್ಣದ ಲಕೋಟೆ ತುಮಕೂರಿಗೆ ಬಂತು. ಶನಿವಾರ ಸಂಜೆಯ ರೈಲಿಗೆ ಗುಬ್ಬಿಗೆ ಹೋಗಿ, ಭಾನುವಾರವೆಲ್ಲ ಕುಳಿತು ಆ ಪಾಠಗಳನ್ನು ಕನ್ನಡಕ್ಕೆ ಇಳಿಸಿ ಅಕ್ಕನಿಗೆ ಓದಿಹೇಳುತ್ತಿದ್ದೆ. ಅನುವಾದವೆಂದರೆ ಪದಕ್ಕೆ ಪದ ಹಾಕುವುದಲ್ಲವೆಂಬುದು ನನಗೆ ಯಾವ ಕಾವ್ಯದಿಂದಲೂ ಇಷ್ಟು ಚೆನ್ನಾಗಿ ತಿಳಿದಿರಲಿಲ್ಲ. ಒಂದೇ ಬಗೆಯ ಎರಡು ವಸ್ತುಗಳನ್ನು ಹುಡುಕಿ ಜೋಡಿಸುವ ಆಟಕ್ಕೆ ಅವರ ಆಟಿಕೆಗಳು ನಮ್ಮಲ್ಲಿರಲಿಲ್ಲ. ಅಡಿಕೆ, ಹುಣಿಸೆಬೀಜ, ತೆಂಗಿನ ಕರಟ ಆ ಕೆಲಸಕ್ಕೆ ಬಂದವು. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು, ಬೆಳಕು ತಾಯಿಯ ಮುಖದ ಮೇಲೆ ಬೀಳುವಂತೆ ನೋಡಿಕೊಂಡು ಮಾತನಾಡಬೇಕೆಂದಿತ್ತು. ನಮ್ಮ ಅಡುಗೆಮನೆಯಲ್ಲಿ ಬೆಳಕಿದ್ದುದು ಬೆಳಕಿಂಡಿಯ ಕೆಳಗೆ ಮಾತ್ರ. ಅಕ್ಕ ಒಲೆಯ ಕೆಲಸ ಮುಗಿಸಿ ದಿನವೂ ಅಲ್ಲಿಗೆ ಮಣೆ ಎಳೆದುಕೊಂಡು ಕೂರುತ್ತಿದ್ದಳು. ಅವಳು ಓದಿದ್ದು ನಾಲ್ಕನೆಯ ತರಗತಿ. ಮಗುವಿನ ಪ್ರಗತಿಯನ್ನು ಅವಳು ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು. ಆ ಪತ್ರಗಳಿಗೆ ಉತ್ತರ ಬರುತ್ತಿತ್ತು. ಜಗತ್ತಿನ ಇನ್ನೊಂದು ತುದಿಯಲ್ಲಿ ಯಾರೋ ತನ್ನ ಮಗನನ್ನು ವಿಚಾರಿಸುತ್ತಾರೆಂಬುದೇ ಅವಳಿಗೆ ದೊಡ್ಡದಾಗಿತ್ತು.

ಹುಡುಗ ‘ಅಮ್ಮ’ ಎಂದ, ‘ಬಾ’ ಎಂದ, ಇನ್ನು ಕೆಲವು ಪದಗಳನ್ನು ಮನೆಯವರಿಗೆ ತಿಳಿಯುವಂತೆ ಅಂದ. ತುಟಿಯೋದುವುದು ಅಷ್ಟಿಷ್ಟು ಬಂತು. ಅದಕ್ಕಿಂತ ವೇಗವಾಗಿ ಬೆಳೆದದ್ದು ಅವನ ಕೈ. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅಮ್ಮ. ಕನ್ನಡಕದ ಸುತ್ತು ತೋರಿಸಿದರೆ ನಾನು. ಅಡಿಕೆ ಕತ್ತರಿಸುವಂತೆ ಬೆರಳಾಡಿಸಿದರೆ ಅಜ್ಜಿ. ಬೇರೊಂದು ಊರಿನಲ್ಲಿ ನಾವು ಕಂಡ ತಜ್ಞರೊಬ್ಬರು ಇದನ್ನು ನೋಡಿ ಗದರಿದರು. ಕೈಸನ್ನೆಗೆ ಅವಕಾಶ ಕೊಟ್ಟರೆ ಬಾಯಿಮಾತು ಬರುವುದಿಲ್ಲ, ಕೈ ಕಟ್ಟಿ ಕೂರಿಸಿ ಎಂದರು. ಅಮೆರಿಕದಿಂದ ಬರುತ್ತಿದ್ದ ಪಾಠಗಳೂ ಬಾಯಿಮಾತಿನ ಪಕ್ಷದವೇ ಆಗಿದ್ದವು. ಅಕ್ಕ ಕೆಲವು ತಿಂಗಳು ಮಗನ ಕೈಗಳನ್ನು ತನ್ನ ಮಡಿಲಲ್ಲಿ ಅದುಮಿ ಹಿಡಿದು ಪಾಠ ಹೇಳಿದಳು.

ಆ ಕಟ್ಟಪ್ಪಣೆಯ ಮೂಲ ಮಿಲಾನ್ ನಗರದಲ್ಲಿದೆ ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಪ್ಯಾರಿಸ್ಸಿನ ಪಾದ್ರಿ ಡಿ ಲೆಪೆ ಹದಿನೆಂಟನೆಯ ಶತಮಾನದಲ್ಲಿ ಕಿವುಡರ ಸನ್ನೆಗಳನ್ನೇ ಹಿಡಿದು ಪಾಠ ಕಟ್ಟಿದ್ದ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಅದನ್ನು ತಳ್ಳಿಹಾಕಿ, ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿತು. ಅಲ್ಲಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಅದೇ ಪರಂಪರೆಯ ಸಮ್ಮೇಳನ ವ್ಯಾಂಕೂವರ್‌ನಲ್ಲಿ ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ. ನಡುವೆ ಕಳೆದದ್ದು 130 ವರ್ಷ. ಗುಬ್ಬಿಯ ಒಂದು ಅಡುಗೆಮನೆಯ ಕೆಲವು ತಿಂಗಳು ಅದರೊಳಗೆ ಸೇರಿವೆ.

ಇನ್ನು ನನ್ನ ಲೋಪವನ್ನು ಹೇಳಬೇಕು. ಕುಣಿಗಲ್ಲಿನ ಕುದುರೆ ಫಾರಂ ಹೈದರ್-ಟಿಪ್ಪು ಕಾಲದಷ್ಟು ಹಳೆಯದು. ಅಲ್ಲಿ ಲಾಯದ ಕೆಲಸಕ್ಕಿದ್ದವರೊಬ್ಬರ ಮಗಳು ನಮ್ಮ ಹುಡುಗನಿಗಿಂತ ಒಂದೆರಡು ವರ್ಷ ದೊಡ್ಡವಳು, ಅವಳಿಗೂ ಕಿವಿ ಕೇಳುತ್ತಿರಲಿಲ್ಲ. ನೆಲದ ಕಂಪನದಿಂದಲೇ ಕುದುರೆಗಳು ಬರುವುದನ್ನು ಎಲ್ಲರಿಗಿಂತ ಮೊದಲು ತಿಳಿದು ಬೇಲಿಯ ಬಳಿ ಓಡುತ್ತಿದ್ದಳು. ಮೈಸೂರಿನ ವಿಷಯ ನಾನು ಹೇಳಿದಾಗ ಆ ತಂದೆ, “ಹೆಣ್ಣ್ ಮಗೀನ ಅಷ್ಟು ದೂರ ಹ್ಯಾಗ್ ಬಿಡೋದು ಸ್ವಾಮಿ?” ಎಂದರು. ಹುಲಿಯೂರುದುರ್ಗ, ಮದ್ದೂರಿನ ಮೇಲೆ ಬಸ್ಸಿನಲ್ಲಿ ಹೋಗುವ ದಾರಿ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ದಾರಿಯಲ್ಲ. ಆ ಹೊತ್ತಿಗೆ ನನ್ನ ಟ್ರಂಕಿನಲ್ಲಿ ಕನ್ನಡಕ್ಕೆ ಇಳಿಸಿದ ಪಾಠಗಳ ದಪ್ಪನೆಯ ಕಟ್ಟು ಇತ್ತು. ಅದನ್ನು ಆ ಮನೆಗೆ ಒಯ್ದು ಆ ತಾಯಿಗೆ ಒಂದು ಭಾನುವಾರ ಓದಿಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅದು ನಮ್ಮ ಮನೆಯ ಕಷ್ಟಕ್ಕೆ ನಾನು ಸಂಪಾದಿಸಿದ ಮದ್ದು ಎಂದುಕೊಂಡಿದ್ದೆ. ಆ ಹುಡುಗಿ ಶಾಲೆಯ ಮುಖ ಕಾಣಲಿಲ್ಲ.

ನಮ್ಮ ಹುಡುಗನನ್ನು 1973ರಲ್ಲಿ ಮನೆಯಿಂದ ದೂರದ ಹಾಸ್ಟೆಲ್ಲಿನಲ್ಲಿ ಬಿಟ್ಟೆವು. ದಸರೆಯ ರಜಕ್ಕೆ ಬಂದಾಗ ಅವನನ್ನು ಗುರುತಿಸುವುದೇ ಕಷ್ಟವಾಯಿತು. ಕೈಗಳು ಸರಸರನೆ ಆಡುತ್ತಿದ್ದವು. ಗೆಳೆಯರು, ಜಗಳ, ಮೈಸೂರಿನ ಆನೆ, ಎಲ್ಲವನ್ನೂ ಹೇಳುತ್ತಿದ್ದಾನೆ, ನಮಗೆ ಒಂದೂ ತಿಳಿಯುತ್ತಿಲ್ಲ! ಮಕ್ಕಳು ಸಂಜೆಯ ಮೇಲೆ ಒಬ್ಬರಿಂದೊಬ್ಬರು ಕಲಿಯುವ ಭಾಷೆ ಅದು. ದೇಶದ ಕಿವುಡರ ಶಾಲೆಗಳಲ್ಲೆಲ್ಲ ಅದು ಬೆಳೆದುಬಂದದ್ದು ಹಾಗೆಯೇ. ಅಜ್ಜಿ “ಮಗು ಕೆಟ್ಟುಹೋಯಿತು” ಎಂದರು. ಅಕ್ಕ ಏನೂ ಹೇಳದೆ ಬೆಳಕಿಂಡಿಯ ಕೆಳಗೆ ಎರಡು ಮಣೆ ಹಾಕಿದಳು. ಈ ಸಲ ಪಾಠ ಹೇಳಿದವನು ಅವನು.

ಆಮೇಲಿನ ಚರಿತ್ರೆ ಎಲ್ಲರಿಗೂ ದೊರೆಯುವಂಥದು, ಬೇಗ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಪಶ್ಚಿಮ ರೋಟರಿಯವರೂ ಕಿವುಡು ಮಕ್ಕಳ ಪೋಷಕರ ಸಂಘದವರೂ ಸೇರಿ ತಾಯಿ ಮಗು ಇಬ್ಬರೂ ಒಟ್ಟಿಗೆ ಕಲಿಯುವ ಶಾಲೆ ತೆರೆದರು; ಹೊರರಾಜ್ಯಗಳಿಂದಲೂ ತಾಯಂದಿರು ಬಂದು ಬಾಡಿಗೆ ಕೋಣೆ ಹಿಡಿದು ಅಲ್ಲಿ ಕಲಿತಿದ್ದಾರೆ. ಶ್ರವಣ ಸಾಧನಗಳಿಗೆ ಕೇಂದ್ರ ಸರ್ಕಾರದ ನೆರವಿನ ಯೋಜನೆ 1981ರಿಂದ ಇದೆ. ಈಚೆಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರಿದೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾಭಾಷೆಯ ಕೇಂದ್ರ ಸ್ಥಾಪನೆಯಾಯಿತು. 2016ರ ಕಾಯ್ದೆ ಆ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. ಹುಟ್ಟಿದ ಕೂಸಿನ ಕಿವಿಯನ್ನು ಅದು ನಿದ್ದೆಯಲ್ಲಿರುವಾಗಲೇ ಕೆಲವು ನಿಮಿಷಗಳಲ್ಲಿ ಪರೀಕ್ಷಿಸಬಹುದು. ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ನೆರವು ಎಂಬುದು ಈಗ ಒಪ್ಪಿತವಾದ ಕ್ರಮ. ಜಾತ್ರೆಯ ಗರ್ನಾಲಿಗೆ ಕಾಯಬೇಕಾಗಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುಬ್ಬಿ ಕುಣಿಗಲ್ಲುಗಳ ಹಳ್ಳಿಯ ತಾಯಿ ಮೊದಲು ಕೇಳಬೇಕಾದದ್ದು ಅವರನ್ನು. ಆದರೆ ಶಸ್ತ್ರಚಿಕಿತ್ಸೆಯ ಮಾತು ಬಂದೊಡನೆ ಕೈಸನ್ನೆ ಬೇಡವೆಂಬ ಹಳೆಯ ಅಪ್ಪಣೆ ಅಲ್ಲಲ್ಲಿ ಮತ್ತೆ ಕೇಳಿಬರುತ್ತಿರುವುದನ್ನು ನಾನು ಗಮನಿಸಿದ್ದೇನೆ. ಮಗುವಿಗೆ ಎರಡು ನುಡಿಯಿದ್ದರೆ ನಷ್ಟವೇನೆಂದು ತುಮಕೂರಿನ ಉರ್ದು, ತೆಲುಗು ಮನೆಗಳನ್ನು ನೋಡಿದವರು ಕೇಳಬೇಕು.

ಅಕ್ಕನಿಗೆ ಎಪ್ಪತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂದು ಕೊನೆಗೆ ಏನೂ ಕೇಳಿಸದಾಯಿತು. ಹಬ್ಬಕ್ಕೆ ಗುಬ್ಬಿಗೆ ಹೋದಾಗ ಸೊಸೆ, ಮೊಮ್ಮಕ್ಕಳು, ನಾನು, ಎಲ್ಲರೂ ಅವಳ ಕಿವಿಯ ಬಳಿ ಬಾಗಿ ಕೂಗುತ್ತಿದ್ದೆವು. ಅವಳು ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಸಂಜೆ ಮಗ ಕೆಲಸದಿಂದ ಬಂದು ಎದುರಿಗೆ ಕುಳಿತು, ಮೂಗುಬೊಟ್ಟಿನ ಜಾಗ ಮುಟ್ಟಿ ಕರೆದ ಮೇಲೆ, ದೀಪ ಹಾಕಿದ ಮೇಲೂ ಬಹಳ ಹೊತ್ತು ಅವರಿಬ್ಬರ ಕೈಗಳು ಆಡುತ್ತಲೇ ಇರುತ್ತಿದ್ದವು.