ಜ್ವರ ಇಳಿದ ಕುದುರೆ ಮತ್ತು ದೂರದ ಹಾದಿ: ನಾಡಿ ಪರೀಕ್ಷೆಯ ಮಿತಿ

ದೂರದ ಸವಾರಿಗೆ ಕುದುರೆ ತಕ್ಕದ್ದೇ ಎಂದು ಅಳೆಯಲು ಸವಾರರು ಎಲ್ಲಕ್ಕಿಂತ ಹೆಚ್ಚು ನಂಬುವುದು ನಾಡಿಯನ್ನು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ವೆಂಡೆಲ್ ರಾಬಿ 1955ರಲ್ಲಿ ಆರಂಭಿಸಿದ, ಈಗ ಟೆವಿಸ್ ಕಪ್ ಎಂದು ಹೆಸರಾದ 100 ಮೈಲಿಯ ಸವಾರಿಯೂ ಅದರ ಮಾದರಿಯ ಸ್ಪರ್ಧೆಗಳೂ ಈ ಪದ್ಧತಿಯನ್ನು ಗಟ್ಟಿಗೊಳಿಸಿವೆ. ನಡುದಾರಿಯ ತಂಗುದಾಣಗಳಲ್ಲಿ ಪಶುವೈದ್ಯರು ನಾಡಿ, ವಸಡಿನ ಬಣ್ಣ, ಕರುಳಿನ ಸದ್ದು, ನಡಿಗೆ ಎಲ್ಲವನ್ನೂ ನೋಡುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೊತ್ತುಪಡಿಸಿದ ಸಮಯದೊಳಗೆ ನಾಡಿ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಕುದುರೆ ಅಲ್ಲಿಗೇ ನಿಲ್ಲಬೇಕು. ಈ ಕಟ್ಟಳೆಯ ಉಪಯೋಗದ ಬಗ್ಗೆ ತಕರಾರಿಲ್ಲ. ಆದರೆ ಇದು ಆರೋಗ್ಯವಂತ ಕುದುರೆಗೆಂದು ರೂಪುಗೊಂಡ ಮಾಪನ. ಕಾಯಿಲೆಯಿಂದ ಈಗಷ್ಟೇ ಎದ್ದ ಕುದುರೆಗೂ ಅದನ್ನೇ ಹಿಡಿದರೆ ಉತ್ತರ ತಪ್ಪುತ್ತದೆ ಎಂಬುದು ನನ್ನ ವಾದ. ಈಗಷ್ಟೇ ಕ್ರಮಿಸಿದ ದೂರವನ್ನು ದೇಹ ಹೇಗೆ ತಾಳಿಕೊಂಡಿತು ಎಂಬುದನ್ನು ನಾಡಿ ಹೇಳುತ್ತದೆ. ರೋಗ ಕೆಡಿಸಿದ ಅಂಗಾಂಶ ದುರಸ್ತಿಯಾಯಿತೇ ಎಂಬುದನ್ನು ಹೇಳುವುದಿಲ್ಲ.

ಕುದುರೆಗಳ ಇನ್‌ಫ್ಲುಯೆಂಜಾವನ್ನೇ ತೆಗೆದುಕೊಳ್ಳಿ. ವೈರಾಣು ಶ್ವಾಸನಾಳದ ಒಳಪೊರೆಯನ್ನು, ಅದರ ಮೇಲಿನ ಸೂಕ್ಷ್ಮ ರೋಮಗಳ ಸಮೇತ ನಾಶಮಾಡುತ್ತದೆ. ಧೂಳು, ಕಫ, ಬ್ಯಾಕ್ಟೀರಿಯಾಗಳನ್ನು ಮೇಲಕ್ಕೆ ತಳ್ಳಿ ಹೊರಹಾಕುವುದು ಈ ರೋಮಗಳ ಕೆಲಸ. ಪೊರೆ ಮತ್ತೆ ಬೆಳೆಯಲು ಕನಿಷ್ಠ ಮೂರು ವಾರ ಬೇಕು. ಜ್ವರವಾದರೋ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಎರಡನೆಯ ವಾರಕ್ಕೆ ಕುದುರೆ ಗೋದಲೆ ಖಾಲಿ ಮಾಡಿ ಕಾಲು ಕೆದರುತ್ತ ನಿಂತಿರುತ್ತದೆ. ಚೆನ್ನಾಗಿ ಪಳಗಿದ ಕುದುರೆಯಾದರೆ ಕುಕ್ಕುಲೋಟದ ನಂತರ ನಾಡಿಯೂ ಬೇಗ ಇಳಿಯುತ್ತದೆ. ಹೀಗಾಗಿ ಕುದುರೆ ಎಷ್ಟು ಪಳಗಿದೆಯೋ ಅಷ್ಟು ಮಟ್ಟಿಗೆ ಅದರ ನಾಡಿ ಸವಾರನನ್ನು ಮರುಳುಮಾಡೀತು. ಜ್ವರವಿದ್ದ ಒಂದೊಂದು ದಿನಕ್ಕೂ ಒಂದು ವಾರ ವಿಶ್ರಾಂತಿ ಎಂಬ ಪಶುವೈದ್ಯರ ರೂಢಿಸೂತ್ರ ಒರಟಾದದ್ದೇ, ಅದನ್ನು ಒಪ್ಪೋಣ. ಆದರೂ ಅದು ರೋಗದ ತೀವ್ರತೆಯಿಂದ ಲೆಕ್ಕ ಶುರುಮಾಡುತ್ತದೆ. ನಾಡಿ ಆ ಲೆಕ್ಕಕ್ಕೆ ಕೈಹಾಕುವುದೇ ಇಲ್ಲ. ಇನ್ನೊಂದು ಸಂಗತಿಯನ್ನು ಸವಾರರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ಕುದುರೆ ತಲೆ ತಗ್ಗಿಸಿದಾಗ ಶ್ವಾಸನಾಳದ ಕಫ ಇಳಿದುಹೋಗುತ್ತದೆ. ತಲೆಯನ್ನು ಎತ್ತರಕ್ಕೆ ಕಟ್ಟಿ ಗಂಟೆಗಟ್ಟಲೆ ವಾಹನದಲ್ಲಿ ಸಾಗಿಸಿದರೆ ಬ್ಯಾಕ್ಟೀರಿಯಾ ಅಲ್ಲೇ ಶೇಖರವಾಗಿ, ಆರೋಗ್ಯವಂತ ಕುದುರೆಗೂ ಪುಪ್ಪುಸದ ಸೋಂಕು ತಗಲಬಹುದು. ಹಾದಿ ಶುರುವಾಗುವ ಜಾಗಕ್ಕೆ ಮಾಡಿದ ಈ ಪ್ರಯಾಣ, ಚೇತರಿಸುತ್ತಿರುವ ಕುದುರೆಗೆ ಸವಾರಿಗಿಂತಲೂ ಅಪಾಯಕರವಾಗಬಹುದು.

ವಿಶ್ರಾಂತಿಯೇ ಹಾನಿ ಮಾಡುವ ಕಾಯಿಲೆಗಳಿವೆಯಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಸ್ನಾಯುಗಳಲ್ಲಿ ಸಕ್ಕರೆಯ ಅಂಶ ಅಸಹಜವಾಗಿ ಶೇಖರವಾಗಿ, ನಡೆಯುತ್ತಿದ್ದಂತೆ ಮೈ ಬಿಗಿದುಕೊಳ್ಳುವ ಕುದುರೆಗಳನ್ನು ಲಾಯದಲ್ಲೇ ನಿಲ್ಲಿಸಿದರೆ ತೊಂದರೆ ಹೆಚ್ಚುತ್ತದೆ. ದಿನನಿತ್ಯದ ಲಘು ವ್ಯಾಯಾಮ, ಪಿಷ್ಟ ಕಡಿಮೆಯಿರುವ ಮೇವು ಅವುಗಳ ಚಿಕಿತ್ಸೆಯ ಭಾಗ. ಆದರೆ ಇಲ್ಲೂ ನಿರ್ಧಾರ ನಿಂತಿರುವುದು ರೋಗ ಯಾವುದೆಂಬುದರ ಮೇಲೆ, ನಾಡಿಯ ಮೇಲಲ್ಲ. ಇನ್ನೊಂದು ಆಕ್ಷೇಪವೂ ಇದೆ: ಸವಾರ ಐಮೆ ಶಿಫೆಲಿ 1925ರಿಂದ 1928ರವರೆಗೆ ಬ್ಯೂನಸ್ ಐರಿಸ್‌ನಿಂದ ಅಮೆರಿಕ ಸಂಯುಕ್ತ ಸಂಸ್ಥಾನದವರೆಗೆ ಮಾಂಚಾ, ಗಾಟೊ ಎಂಬ ಎರಡು ಕ್ರಿಯೊಲೊ ತಳಿಯ ಕುದುರೆಗಳೊಂದಿಗೆ ಮಾಡಿದ ಪ್ರಯಾಣವನ್ನು, ಗಟ್ಟಿ ತಳಿಯಾದರೆ ಏನನ್ನೂ ತಾಳುತ್ತದೆ ಎನ್ನಲು ಉದಾಹರಿಸುವುದುಂಟು. ಹಾಗೆ ಹೇಳುವವರು ಒಂದು ವಿವರವನ್ನು ಮರೆಯುತ್ತಾರೆ: ಗಾಟೊ ಮೆಕ್ಸಿಕೊದಲ್ಲಿ ಗಾಯಗೊಂಡಾಗ ಶಿಫೆಲಿ ಅದನ್ನು ಹಾದಿಯಲ್ಲಿ ನಡೆಸದೆ ರೈಲಿನಲ್ಲಿ ಕಳಿಸಿ, ಮಾಂಚಾ ಜೊತೆ ಮುಂದುವರಿದರು. ಗಾಯ ಬೇರೆ, ಸೋಂಕು ಬೇರೆ ನಿಜ. ಆದರೆ ಈ ಉದಾಹರಣೆ ಆಕ್ಷೇಪಕರ ಪರವಾಗಿ ನಿಲ್ಲುವುದಿಲ್ಲ.

ನಾಡಿಯ ಮಿತಿ ಇನ್ನೂ ಸ್ಪಷ್ಟವಾಗುವುದು ದವಡೆಯ ಕೆಳಗಿನ ಗ್ರಂಥಿಗಳು ಬಾತು ಕೀವು ತುಂಬುವ ಸ್ಟ್ರಾಂಗಲ್ಸ್ ರೋಗದಲ್ಲಿ. ಗುಣವಾದಂತೆ ಕಾಣುವ ಕೆಲವು ಕುದುರೆಗಳ ಗಂಟಲ ಪಕ್ಕದ ಗಾಳಿಚೀಲಗಳಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿದಿರುತ್ತದೆ. ಅಂಥ ಕುದುರೆಯ ಉಸಿರು, ಓಟ, ನಾಡಿ ಯಾವುದರಲ್ಲೂ ಕುಂದು ಕಾಣದಿರಬಹುದು. ತಂಗುದಾಣದಲ್ಲಿ ಎಲ್ಲ ಕುದುರೆಗಳೂ ಬಾಯಿಡುವ ನೀರಿನ ತೊಟ್ಟಿಗೆ ಅದೂ ಬಾಯಿಡುತ್ತದೆ. ಈ ಅಡಗಿದ ಸೋಂಕನ್ನು ಪತ್ತೆಹಚ್ಚಲು ಎಂಡೋಸ್ಕೋಪ್ ಇಳಿಸಿ, ಆ ಚೀಲಗಳನ್ನು ತೊಳೆದ ದ್ರವವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರುವವರೆಗೆ ಆ ಕುದುರೆಯ ನೀರಿನ ಬಕೆಟ್ಟು ಬೇರೆಯೇ ಇರಬೇಕು.