ಉಂಡ ಋಣ, ಕೊಟ್ಟ ಮಾತು

ವೀರನೆಂದರೆ ಯಾರು? ಶತ್ರುವನ್ನು ಕೊಂದವನೇ? ಆಂಗ್ಲೋ-ಸ್ಯಾಕ್ಸನ್ ಜನರ ಮಹಾಕಾವ್ಯ 'ಬೇವುಲ್ಫ್' ಈ ಪ್ರಶ್ನೆಗೆ ಬೇರೆಯೇ ಉತ್ತರವನ್ನು ನೀಡುತ್ತದೆ.

ಕ್ರಿ.ಶ. 597ರಲ್ಲಿ ಪೋಪ್ ಮಹಾ ಗ್ರೆಗೋರಿಯವರು ಕಳುಹಿಸಿದ ಸನ್ಯಾಸಿ ಅಗಸ್ಟೀನರು ಇಂಗ್ಲೆಂಡಿನ ಕೆಂಟ್ ರಾಜ್ಯಕ್ಕೆ ಬಂದರು. ಕ್ರಮೇಣ ಕ್ರೈಸ್ತರಾದ ಆ ಜನ ಪೂರ್ವಿಕರ ವೀರಗಾಥೆಗಳನ್ನು ತೊರೆಯಲಿಲ್ಲ. ಹೆಸರು ತಿಳಿಯದ ಕವಿಯೊಬ್ಬನು ಹಳೆಯ ವೀರರ ಕಥೆಯನ್ನು ಕ್ರೈಸ್ತ ಕಣ್ಣಿನಿಂದ ಕಂಡು, 3182 ಸಾಲುಗಳಲ್ಲಿ ಹಾಡಿದನು. ಕ್ರಿ.ಶ. 1000ದ ಸುಮಾರಿಗೆ ಬರೆದ ಅದರ ಏಕೈಕ ಹಸ್ತಪ್ರತಿಯು 1731ರ ಅಗ್ನಿ ದುರಂತದಲ್ಲಿ ಅಂಚು ಸುಟ್ಟರೂ ಉಳಿದುಕೊಂಡು, ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಡೇನರ ದೊರೆ ಹ್ರೋತ್‌ಗಾರನ ಸಭಾಭವನವನ್ನು ಗ್ರೆಂಡೆಲ್ ಎಂಬ ದೈತ್ಯನು ಹನ್ನೆರಡು ವರ್ಷ ಕಾಡುತ್ತಾನೆ. ಕವಿ ಅವನನ್ನು ಕಾಯಿನನ ಸಂತತಿ ಎನ್ನುತ್ತಾನೆ. ರಕ್ತಸಂಬಂಧವೇ ಬದುಕಿನ ಆಸರೆಯಾಗಿದ್ದ ಆ ಸಮಾಜಕ್ಕೆ ಸೋದರಹತ್ಯೆಗಿಂತ ಘೋರವಾದುದು ಇರಲಿಲ್ಲ. ಆಗ ಗೀಟ್ ಜನಾಂಗದ ಯುವಕ ಬೇವುಲ್ಫ್ ಕಡಲು ದಾಟಿ ನೆರವಿಗೆ ಬರುತ್ತಾನೆ. ಹಿಂದೆ ಅವನ ತಂದೆ ಮಾಡಿದ ಕೊಲೆಗೆ ಪರಿಹಾರಧನ ತೆತ್ತು ದ್ವೇಷವನ್ನು ತಣಿಸಿದವನು ಇದೇ ಹ್ರೋತ್‌ಗಾರ. ಹೀಗೆ ಮಗನ ಸಾಹಸದಲ್ಲಿ ತಂದೆಯ ಋಣವೂ ಸಂದಾಯವಾಗುತ್ತದೆ. ಗೆದ್ದ ಯುವಕನಿಗೆ ಮುದಿ ದೊರೆ ಹೇಳುವ ಬುದ್ಧಿಮಾತೊಂದೇ: ಗರ್ವಕ್ಕೆ ಎಡೆಗೊಡಬೇಡ.

ಮುಂದೆ ಬೇವುಲ್ಫ್ ತನ್ನ ನಾಡಿನ ಅರಸನಾಗಿ ಐವತ್ತು ವರ್ಷ ಆಳುತ್ತಾನೆ. ವೃದ್ಧಾಪ್ಯದಲ್ಲಿ ಬೆಂಕಿಯುಗುಳುವ ಘಟಸರ್ಪವನ್ನು ಎದುರಿಸುವಾಗ ಅವನ ಸಂಗಡಿಗರು ಕಾಡಿಗೆ ಓಡುತ್ತಾರೆ. ಅವರೆಲ್ಲ ಅವನ ಭವನದಲ್ಲಿ ಉಂಡವರು, ಅವನಿಂದ ಆಯುಧಗಳನ್ನು ಪಡೆದವರು, ಕಷ್ಟಕಾಲದಲ್ಲಿ ಜೊತೆಗಿರುವೆವೆಂದು ಮಾತು ಕೊಟ್ಟವರು! ಆ ಮಾತನ್ನು ನೆನೆದು ನೆರವಿಗೆ ಬಂದವನು ವಿಗ್ಲಾಫ್ ಒಬ್ಬನೇ. ಅದು ಅವನ ಮೊದಲ ಯುದ್ಧ. ಗುರಾಣಿ ಉರಿದುಹೋದರೂ ಅವನು ಅರಸನ ಪಕ್ಕ ಬಿಡಲಿಲ್ಲ. ಇಬ್ಬರೂ ಸೇರಿ ಘಟಸರ್ಪವನ್ನು ಕೊಂದರೂ ಅರಸನು ಗಾಯಗಳಿಂದ ಮಡಿದನು.

ಅರಸನಿಲ್ಲದ ನಾಡಿನ ಮೇಲೆ ಇನ್ನು ಶತ್ರುಗಳು ಎರಗುವರೆಂಬ ಭಯದಲ್ಲಿ ಕಾವ್ಯ ಮುಗಿಯುತ್ತದೆ. ಕೆಲವರ ಹೇಡಿತನಕ್ಕೆ ಇಡೀ ಜನಾಂಗವೇ ಬೆಲೆ ತೆರಬೇಕು. ಆದರೂ ಅಗಲಿದ ಅರಸನನ್ನು ಹೊಗಳುವವರು ಅವನ ತೋಳ್ಬಲವನ್ನಷ್ಟೇ ಅಲ್ಲ, ಅವನ ಕೀರ್ತಿಕಾಮನೆಯ ಜೊತೆಗೆ ಸೌಮ್ಯತೆಯನ್ನೂ ಪ್ರಜಾವಾತ್ಸಲ್ಯವನ್ನೂ ಸ್ಮರಿಸುತ್ತಾರೆ.

ಓದುಗರೇ, ಘಟಸರ್ಪಗಳು ನಮ್ಮೆದುರು ಬರಲಾರವು. ಆದರೆ ನಮ್ಮನ್ನು ಸಾಕಿದವರು ಮುಪ್ಪಿನಲ್ಲಿ, ರೋಗದಲ್ಲಿ, ಸೋಲಿನಲ್ಲಿ ಒಂಟಿಯಾಗುವ ಗಳಿಗೆ ಪ್ರತಿ ಮನೆಗೂ ಬರುತ್ತದೆ. ಅಂದು ನಾವು ಕಾಡಿನತ್ತ ಓಡುವೆವೋ, ಅವರ ಪಕ್ಕದಲ್ಲಿ ನಿಲ್ಲುವೆವೋ?